ಬೀಳುವ ಗುಂಡಿ

ಮೀಟಿಂಗ್ ಕೋಣೆಯ ಮೇಜಿನ ಮೇಲಿನ, ಬೆರಳೊತ್ತಿದರೆ ಕೆಲಸ ಮಾಡುವ ಆ ಪುಟ್ಟ ಗಾಜಿನ ಹಲಗೆಯನ್ನು ಮುಟ್ಟುವ ಮೊದಲು ಒರೆಸುವುದು, ಮುಟ್ಟಿದ ಮೇಲೆ ಹೋಗಿ ಕೈ ತೊಳೆದುಕೊಳ್ಳುವುದು ಗುಮ್ಮಿಗೆ ಅಭ್ಯಾಸವಾಗಿಹೋಗಿತ್ತು. ಅದು ಬಿಸ್ಕತ್ತು ಕಾರ್ಖಾನೆಯ ಆಫೀಸು. ಅಲ್ಲಿಯ ಜನ ಬಿಸ್ಕತ್ತು ತಿನ್ನುತ್ತಲೇ ಮೀಟಿಂಗು ಮಾಡುವವರು. ಹಲಗೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಸಾಕು, ಯಾರ್ಯಾರದೋ ಬೆರಳಿನ ಜಿಡ್ಡು, ಬೆಣ್ಣೆ, ಸಕ್ಕರೆಪುಡಿ, ಒಣಗಿದ ಕಾಫಿಯ ಹನಿ ಎಲ್ಲವೂ ಒಂದರ ಮೇಲೊಂದು ಪದರವಾಗಿ ಕಾಣುತ್ತಿದ್ದವು. ಕೆಳಗಿನಿಂದ ವೆನಿಲ್ಲಾದ ಸಿಹಿ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಮೊದಲ ದಿನ ಬಾಯಲ್ಲಿ ನೀರೂರಿಸಿದ ಆ ವಾಸನೆ ವಾರ ಕಳೆಯುವಷ್ಟರಲ್ಲಿ ಕಮಟಾಗಿ ಗಂಟಲಿಗೆ ಅಂಟಿಕೊಂಡಿತು. ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದರೂ ಕೂದಲಲ್ಲಿ ಉಳಿಯುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ತಡೆಯಲಾಗದಿದ್ದದ್ದು ಮ್ಯಾನೇಜರರ ಬೆರಳು. ಆತ ಕಾಗದದ ಕಾಲದ ಮನುಷ್ಯ. ಪುಟ ತಿರುವಲು ತೋರುಬೆರಳನ್ನು ನಾಲಿಗೆಗೆ ಒತ್ತಿಕೊಳ್ಳುವ ಚಟ ಗಾಜಿನ ಹಲಗೆ ಬಂದ ಮೇಲೂ ಹೋಗಿರಲಿಲ್ಲ. ಬಂದರು, ಬೆರಳು ನೆಕ್ಕಿದರು, ಗಾಜಿಗೆ ಒತ್ತಿದರು. ಗಾಜಿನ ಮೇಲೆ ಒಂದು ಒದ್ದೆ ಚಂದ್ರ ಮೂಡಿ ನಿಧಾನವಾಗಿ ಆರುತ್ತಿತ್ತು. ಅದೇ ಜಾಗವನ್ನು ತಾನೂ ಒತ್ತಬೇಕಲ್ಲ ಎಂದು ಗುಮ್ಮಿ ಒರೆಸುವ ಬಟ್ಟೆ ಹುಡುಕುತ್ತಿದ್ದಳು. ಆದರೆ ಹೇಳುವುದು ಯಾರಿಗೆ? ಅವಳು ಮೊದಲೇ ಬಾಯಿ ಸತ್ತವಳು. ಓದು ಮುಗಿಸಿ ಅಕ್ಕನ ಮನೆಗೆ ಬಂದ ಹೊಸದರಲ್ಲಿ, ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಕೋಣೆ ಸೇರುತ್ತಿದ್ದ ಅವಳನ್ನು ಭಾವ 'ಗುಮ್ಮನಗುಸುಕಿ' ಎಂದು ಕರೆದಿದ್ದ. ಅದು ಸವೆದು ಗುಮ್ಮಿಯಾಯಿತು, ಅದೇ ನಿಂತಿತು.

ಕೆಲಸ ಕಲಿಸಿದವನೂ ಭಾವನೇ. ಆಫೀಸುಗಳ ಮೀಟಿಂಗ್ ಕೋಣೆಗಳಿಗೆ ಗೋಡೆಯ ಪರದೆ, ಅದರ ಮೇಲೊಂದು ಕ್ಯಾಮರಾ, ಮೇಜಿಗೆ ಮೈಕು, ಇವನ್ನೆಲ್ಲ ನಡೆಸುವ ಗಾಜಿನ ಹಲಗೆ ಕೂರಿಸಿಕೊಡುವ ಸಣ್ಣ ಕಂಪನಿ ಅವನದು. ಅಂಗಡಿಯಿಂದ ಬಂದಾಗ ಈ ಸಾಮಾನುಗಳು ಎಲ್ಲ ಕಡೆಗೂ ಒಂದೇ ಥರ. ಒಂದೇ ಗುಂಡಿ, ಒಂದೇ ಬಣ್ಣ. ಆದರೆ ತಯಾರಿಸಿದವರು ಒಂದು ಪಕ್ಕದ ಬಾಗಿಲು ಬಿಟ್ಟಿರುತ್ತಾರೆ. ಕಸುಬಿನವರು ಅದನ್ನು ಎಪಿಐ ಎನ್ನುತ್ತಾರೆ. ಅದರ ಮೂಲಕ ಪ್ರೋಗ್ರಾಮಿನಿಂದ ಅಪ್ಪಣೆ ಕೊಟ್ಟರೆ ಸಾಧನ ಹೇಳಿದಂತೆ ಕೇಳುತ್ತದೆ. ಬೇಡದ ಗುಂಡಿ ಮರೆಯಾಗುತ್ತದೆ, ಹೊಸ ಗುಂಡಿ ಹುಟ್ಟುತ್ತದೆ. ಕ್ಯಾಮರಾ ಹೇಳಿದ ಕಡೆ ತಿರುಗುತ್ತದೆ, ದೀಪ ಹೇಳಿದ ಬಣ್ಣಕ್ಕೆ ಬರುತ್ತದೆ. "ನಾವು ಗೋಡೆಗೆ ಬುದ್ಧಿ ಕಲಿಸೋರು ಕಣೆ," ಎನ್ನುತ್ತಿದ್ದ ಭಾವ. ಮನುಷ್ಯರ ಮುಖ ನೋಡಿ ಮಾತಾಡಲಾರದ ಗುಮ್ಮಿಗೆ ಗೋಡೆಯೊಡನೆ ಮಾತಾಡುವ ಈ ಕೆಲಸ ಕೈಗೆ ಕೂಡಿಬಂತು.

ಭಾವನಿಗೊಂದು ಚಾಳಿಯಿತ್ತು. ಪ್ರೋಗ್ರಾಮಿನಲ್ಲಿ ಎರಡು ಓರೆಗೆರೆ ಹಾಕಿ ಅದರ ಮುಂದೆ ಏನು ಬರೆದರೂ ಯಂತ್ರ ಅದನ್ನು ಓದುವುದಿಲ್ಲ. ಅದು ಮನುಷ್ಯರಿಗೆಂದು ಬಿಟ್ಟ ಜಾಗ. ಮುಂದೆ ಯಾರಾದರೂ ತಿದ್ದಲು ಬಂದರೆ ಅರ್ಥವಾಗಲಿ ಎಂದು ಟಿಪ್ಪಣಿ ಬರೆಯಲು. ಭಾವ ಅಲ್ಲಿ ನಗೆಚಾಟಿಕೆ ಬರೆಯುತ್ತಿದ್ದ. ಕ್ಯಾಮರಾ ಗೋಡೆಗೆ ತಿರುಗುವ ಸಾಲಿನ ಪಕ್ಕ 'ಅತ್ತೆ ಬಂದರು, ಮುಖ ತಿರುಗಿಸು'. ಸಾಧನ ನಿದ್ದೆಗೆ ಹೋಗುವ ಸಾಲಿನ ಪಕ್ಕ 'ಕುಂಭಕರ್ಣನಿಗೆ ಜಯವಾಗಲಿ'. ಕೆಲಸ ಕಲಿಯುವಾಗ ಗುಮ್ಮಿ ಒಬ್ಬಳೇ ಕುಳಿತು ಇವನ್ನು ಓದಿ ಕಿಸಕ್ಕೆಂದು ನಗುತ್ತಿದ್ದಳು. ಮನೆಯಲ್ಲಿ ಅವಳನ್ನು ನಗಿಸುತ್ತಿದ್ದವನು ಅವನೊಬ್ಬನೇ.

ಬಿಸ್ಕತ್ತು ಕಾರ್ಖಾನೆಯಲ್ಲಿ ಎರಡು ಕೋಣೆಗಳ ಕೆಲಸ. ಮೇಲಿನ ಮಹಡಿಯಲ್ಲಿ ದೊಡ್ಡ ಹಾಲು, ಕೆಳಗೆ ಚಿಕ್ಕ ಕೋಣೆ. ಓವನ್ನಿನ ಬೆಲ್ಟಿನ ವೇಗ ಹೆಚ್ಚಿಸಿದಾಗಿನಿಂದ ತಟ್ಟೆ ಎತ್ತುವ ಹೆಂಗಸರ ಕೈ ಸುಡುತ್ತಿತ್ತು. ವೇಗ ಇಳಿಸಿ ಎಂದು ಅವರು, ಆಗದು ಎಂದು ಮೇಲಿನವರು. ಹಿಂದೆ ಒಂದೇ ಮೇಜಿಗೆ ಕೂತಾಗ ಮಾತಿಗೆ ಮಾತು ಬೆಳೆದು ಯಾರೋ ಕುರ್ಚಿ ಒದ್ದು ಎದ್ದುಹೋಗಿದ್ದರಂತೆ. ಅದಕ್ಕೆ ಈ ಬಾರಿ ಮೇಲಿನವರು ಮೇಲೆ, ಹೆಂಗಸರು ಕೆಳಗೆ, ಮಾತೆಲ್ಲ ಪರದೆಯ ಮೇಲೆ ಎಂದು ಮ್ಯಾನೇಜರು ಏರ್ಪಾಡು ಮಾಡಿದ್ದರು. ನಡುನಡುವೆ ಹೆಂಗಸರು ತಮ್ಮತಮ್ಮೊಳಗೆ ಮಾತಾಡಿಕೊಳ್ಳಬೇಕೆಂದರೆ? ಅದಕ್ಕೊಂದು ಗುಂಡಿ ಬೇಕೆಂದು ಅವರೇ ಉದಾರವಾಗಿ ಹೇಳಿದ್ದರು.

ಆ ಗುಂಡಿಯನ್ನು ಗುಮ್ಮಿ ಮನಸ್ಸಿಟ್ಟು ಮಾಡಿದಳು. 'ಖಾಸಗಿ' ಎಂದು ಹೆಸರಿಟ್ಟಳು. ಅದನ್ನು ಒತ್ತಿದರೆ ನಾಲ್ಕು ಅಪ್ಪಣೆಗಳು ಒಂದರ ಹಿಂದೊಂದು ಹೋಗುತ್ತಿದ್ದವು: ಕ್ಯಾಮರಾ ಗೋಡೆಗೆ ತಿರುಗು, ಮೈಕು ಮುಚ್ಚು, ದೀಪ ಕೆಂಪಾಗು, ಪರದೆಯ ಮೇಲೆ ಪರದೆ ಎಳೆ. ಕೊನೆಯದು ಅವಳದೇ ಕುಶಾಲು. ಎರಡೂ ಕಡೆಯಿಂದ ಬಂದು ಕೂಡಿಕೊಳ್ಳುವ ನೀಲಿ ಕರ್ಟನ್ನಿನ ಚಿತ್ರವನ್ನು ತಾನೇ ಬರೆದು ಹಾಕಿದ್ದಳು. ಸಾಧನದ ಜೊತೆ ಬಂದಿದ್ದ ಮೈಕಿನ ಗುಂಡಿ, ಅದರ ಗುರುತು ಎಲ್ಲವನ್ನೂ ಮರೆಮಾಡಿದಳು. ಓದು ಬರಹ ಅಷ್ಟಕ್ಕಷ್ಟೇ ಇರುವವರೂ ಗೊಂದಲವಿಲ್ಲದೆ ಒಂದೇ ಗುಂಡಿ ಒತ್ತಲಿ ಎಂದು.

ಕೆಲಸ ಮುಗಿಯುತ್ತ ಬಂದ ಒಂದು ಮಧ್ಯಾಹ್ನ ಎರಡೂ ಕೋಣೆಗಳನ್ನು ಜೋಡಿಸಿ ಪರೀಕ್ಷೆಗೆ ಬಿಟ್ಟಿದ್ದಳು. ಚಿಕ್ಕ ಕೋಣೆಯಲ್ಲಿ ಅವಳೊಬ್ಬಳೇ. ಖಾಸಗಿ ಒತ್ತಿದಳು, ಕರ್ಟನ್ನು ಮುಚ್ಚಿತು, ಕೆಂಪು ದೀಪ ಹತ್ತಿತು. ನೆಮ್ಮದಿಯಾಗಿ ಅಕ್ಕನಿಗೆ ಫೋನು ಮಾಡಿ ಮ್ಯಾನೇಜರರ ಬೆರಳ ಪುರಾಣ ಬಿಚ್ಚಿದಳು. ಅಕ್ಕನ ಮುಂದೆ ಮಾತ್ರ ಅವಳ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿಕೊಂಡರೆ ಮಾತಿಗೆ ಲಗಾಮಿಲ್ಲ. ಆತ ಬರುವಾಗ ಮುಂದೊಬ್ಬ ಭಟ ಓಡಿಬಂದು 'ಎಂಜಲು ಬೆರಳಿನ ಮಹಾರಾಜರು ಬರ್ತಿದಾರೆ, ಗಾಜುಗಳೆಲ್ಲ ದಾರಿ ಬಿಡಿ' ಎಂದು ಕೂಗಬೇಕು ಎಂದಳು. ಅಕ್ಕ ಮೊದಲು ನಕ್ಕಳು. ಆಮೇಲೆ ಇದ್ದಕ್ಕಿದ್ದಂತೆ, ಸಾಕು, ಅಲ್ಲಿ ನಿಂತು ಅದನ್ನೆಲ್ಲ ಮಾತಾಡಬೇಡ, ಮನೆಗೆ ಬಂದು ಹೇಳುವೆಯಂತೆ ಎಂದು ಫೋನು ಇಟ್ಟಳು. ಒಲೆಯ ಮೇಲೆ ಏನೋ ಇಟ್ಟಿರಬೇಕು ಎಂದುಕೊಂಡಳು ಗುಮ್ಮಿ.

ಮರುದಿನ ಮ್ಯಾನೇಜರು ಭಾವನನ್ನು ಹಿಂದಿಟ್ಟುಕೊಂಡು ಕೋಣೆಗೆ ಬಂದರು. ಗಾಜಿನ ಹಲಗೆಯ ಮುಂದೆ ನಿಂತು, ಜೇಬಿನಿಂದ ಕರವಸ್ತ್ರ ತೆಗೆದು, ತೋರುಬೆರಳನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಒರೆಸಿಕೊಂಡರು. ಒರೆಸುವಾಗ ಅವಳನ್ನೇ ನೋಡುತ್ತಿದ್ದರು.

"ಮಹಾರಾಜರ ಬೆರಳು ಒಣಗಿದೆಯಮ್ಮ. ಈಗ ಮುಟ್ಟಬಹುದಾ?"

ಭಾವ ಹಿಂದೆ ನಿಂತು ಹಲ್ಲು ಕಿಸಿದ. ಗುಮ್ಮಿಯ ಕಿವಿಗಳು ಕಾದುಹೋದವು. ಬೈಸಿಕೊಂಡಿದ್ದರೂ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಆತನಿಗೆ ಸಿಟ್ಟು ಬಂದಿರಲಿಲ್ಲ. ಕದ್ದು ಕೇಳಿದ್ದರ ರುಚಿ ಆ ಮುಖದ ಮೇಲೆ ಇನ್ನೂ ಇತ್ತು. ಅದನ್ನು ಚಪ್ಪರಿಸುತ್ತ ಅವರು ಮೆಟ್ಟಿಲು ಹತ್ತಿ ಹೋದರು, ಭಾವ ಬೆನ್ನ ಹಿಂದೆಯೇ ಹೋದ.

ಅಕ್ಕ ಭಾವನಿಗೆ ಹೇಳಿರಬೇಕು, ಭಾವ ಅಲ್ಲಿ ಹೋಗಿ ಊದಿರಬೇಕು ಎಂದು ಅವಳಿಗೆ ಮೊದಲು ಅನ್ನಿಸಿತು. ಅಕ್ಕನಿಗೆ ಮೆಸೇಜು ಹಾಕಿ ಕೇಳಿದಳು. ನಾನು ಯಾರಿಗೂ ಹೇಳಿಲ್ಲ ಎಂದು ತಕ್ಷಣ ಉತ್ತರ ಬಂತು. ಅಕ್ಕ ಎಂಥವಳೇ ಆಗಲಿ, ತಂಗಿಗೆ ಸುಳ್ಳು ಹೇಳುವವಳಲ್ಲ. ಹಾಗಾದರೆ? ಗುಮ್ಮಿ ಕೆಂಪು ದೀಪವನ್ನೇ ದಿಟ್ಟಿಸಿದಳು. ಆಮೇಲೆ ಲ್ಯಾಪ್‌ಟಾಪು ತೆರೆದು ತನ್ನದೇ ಪ್ರೋಗ್ರಾಮನ್ನು ಮೇಲಿನಿಂದ ಓದುತ್ತ ಬಂದಳು.

ನಾಲ್ಕು ಅಪ್ಪಣೆಗಳೂ ಅಲ್ಲೇ ಇದ್ದವು. ಆದರೆ ಎರಡನೆಯದರ ತಲೆಗೆ ಎರಡು ಓರೆಗೆರೆ ಬಿದ್ದಿದ್ದವು. ಮೈಕು ಮುಚ್ಚು ಎನ್ನುವ ಅಪ್ಪಣೆ ಅಪ್ಪಣೆಯಾಗಿ ಉಳಿಯದೆ ಯಂತ್ರ ಓದದ ಟಿಪ್ಪಣಿಯಾಗಿಬಿಟ್ಟಿತ್ತು. ಅದರ ಪಕ್ಕದಲ್ಲೇ ಹೊಸದಾಗಿ ಬರೆದ ಒಂದು ಸಾಲು:

'ಇದು ಒತ್ತೋ ಗುಂಡಿ ಅಲ್ಲ, ಬೀಳೋ ಗುಂಡಿ.'

ಯಾರ ಕೈ ಎಂದು ಕೇಳಬೇಕಾಗಿರಲಿಲ್ಲ. ಆ ಸಾಲನ್ನು ಬೇರೆ ಯಾರೂ ಬರೆಯಲಾರರು. ಗುಮ್ಮಿಯ ಬಾಯಿ ಅಭ್ಯಾಸಬಲದಿಂದ ನಗಲು ಅರ್ಧ ತೆರೆದುಕೊಂಡಿತು. ಆ ಅರ್ಧ ನಗು ಅವಳಿಗೆ ತನ್ನ ಬಾಯೊಳಗೇ ಹುಳಿ ತೇಗಿನಂತೆ ಹಿಂದಿರುಗಿತು. ಎದ್ದು ಹೋಗಿ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿದಳು. ಸೋಪಿನಲ್ಲೂ ವೆನಿಲ್ಲಾ ವಾಸನೆ.

ಸಂಜೆ ವ್ಯಾನಿನಲ್ಲಿ ಮನೆಗೆ ಹೋಗುವಾಗ ಅವಳೇ ಮಾತು ತೆಗೆದಳು. ಭಾವ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದವನು ತಾಳ ತಪ್ಪಿಸಲಿಲ್ಲ. ಅಯ್ಯೋ ಓದಿಬಿಟ್ಟೆಯಾ ಎಂದು ನಕ್ಕ. ಹೇಗಿದೆ ಎಂದು ಕೇಳಿದ, ಟಿಪ್ಪಣಿ ಹೇಗಿದೆ ಎಂದು. ಅವಳು ನಗದ್ದನ್ನು ಕಂಡು ದನಿ ಬದಲಾಯಿಸಿ ಸಮಾಧಾನಕ್ಕಿಳಿದ. ಇದು ಮ್ಯಾನೇಜರರ ಅಪ್ಪಣೆ. ಹೆಂಗಸರು ಎಲ್ಲಿಯವರೆಗೆ ಬಗ್ಗುತ್ತಾರೆ ಅನ್ನುವುದು ಕಿವಿಗೆ ಬಿದ್ದರೆ ಅಲ್ಲಿಗೇ ತಂದು ನಿಲ್ಲಿಸಬಹುದು, ಹಟ ಜಗಳ ಏನೂ ಇಲ್ಲದೆ ಒಂದೇ ದಿನಕ್ಕೆ ಮುಗಿಯುತ್ತದೆ, ಎಲ್ಲರಿಗೂ ಒಳ್ಳೆಯದೇ ಅಲ್ಲವೇ ಎಂದ. ಕೋಣೆ ಅವರದು, ಗೋಡೆ ಅವರದು, ಮೈಕು ಅವರದು.

"ನಾವು ಗುಂಡಿ ಮಾಡೋರು. ಒತ್ತೋರು ಅವರು, ಕೇಳೋರು ಇವರು. ಮಧ್ಯ ನಮ್ಮ ಗಂಟೇನು ಹೋಗುತ್ತೆ?"

"ನಾನು ಆ ಸಾಲು ಸರಿ ಮಾಡ್ತೀನಿ ಭಾವ."

"ಮಾಡು. ನಾನು ಮತ್ತೆ ಎರಡು ಗೆರೆ ಎಳೀತೀನಿ. ಗೆರೆ ಎಳೆಯೋಕೆ ಎಷ್ಟು ಹೊತ್ತು ಬೇಕು?" ಸಿಗ್ನಲ್ಲಿನಲ್ಲಿ ವ್ಯಾನು ನಿಲ್ಲಿಸಿ ಅವನು ಅವಳತ್ತ ತಿರುಗಿದ. "ಅಂದಹಾಗೆ ನಾಳೆ ಆ ಹೆಂಗಸರಿಗೆ ಗುಂಡಿ ತೋರಿಸಿಕೊಡೋದು ನೀನೇ. ನಾನು ಹೇಳಿದ್ರೆ ನಂಬಲ್ಲ, ಮ್ಯಾನೇಜರು ಹೇಳಿದ್ರಂತೂ ಮೊದಲೇ ನಂಬಲ್ಲ. ನಿನ್ನ ಮುಖ ನೋಡಿದ್ರೆ ಯಾರಿಗಾದ್ರೂ ನಂಬಿಕೆ ಬರುತ್ತೆ. ಒಂದೇ ಒಂದು ಮಾತು ಹೇಳ್ಬೇಕು ನೀನು: ಇದನ್ನ ಒತ್ತಿದ್ರೆ ಮೇಲಿನವರಿಗೆ ಕೇಳಿಸಲ್ಲ. ಅಷ್ಟೇ. ಆಮೇಲೆ ನೀನು ವರ್ಷಗಟ್ಟಲೆ ಬಾಯಿ ಬಿಡದಿದ್ರೂ ನಾನು ಕೇಳಲ್ಲ."

ನಾಲ್ಕು ಅಪ್ಪಣೆಗಳ ಆ ಪ್ರೋಗ್ರಾಮಿಗೆ ತನ್ನ ಮುಖವೇ ಐದನೆಯ ಸಾಲು ಎಂದು ಗುಮ್ಮಿಗೆ ಆಗ ತಿಳಿಯಿತು. ಕಿಟಕಿಯ ಗಾಜಿನಲ್ಲಿ ಆ ಮುಖ ಕಂಡಿತು. ನೋಡಲು ಹೇಸಿ ಗಾಜು ಇಳಿಸಿದಳು. ಮುಂದಿದ್ದ ಲಾರಿಯ ಹೊಗೆ ಒಳಗೆ ಬಂತು, ಅದೇ ಮೇಲೆನ್ನಿಸಿತು.

ಊಟಕ್ಕೆ ಕುಳಿತಾಗ ಅವಳಿಗೆ ಭಾವನ ಕೈಯೇ ಕಾಣುತ್ತಿತ್ತು. ಕಲಸುವ ಬೆರಳು, ತುಟಿಯಂಚಿನ ಎಣ್ಣೆಯ ಪಸೆ, ತುತ್ತು ಬಾಯಲ್ಲಿರುವಾಗಲೇ ಹೇಳುವ ಜೋಕು. ಇಷ್ಟು ದಿನ ಇದೇ ಮೇಜಿನಲ್ಲಿ, ಇದೇ ಕೈ ಬಡಿಸಿದ್ದನ್ನು ಅವಳು ತಿಂದಿದ್ದಳು. ಅವನು ಬದಲಾಗಿರಲಿಲ್ಲ, ಅದೇ ನಗುಮೊಗದ ಭಾವ. ಅವಳಿಗೆ ತಡೆಯಲಾರದೆ ಹೋದದ್ದೂ ಅದೇ. ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಹಾಗೇ ಸುರಿದಳು. ಅಕ್ಕ ಸಿಂಕಿನ ಮುಂದೆ ನಿಂತಿದ್ದಳು.

"ನಿನಗೆ ಗೊತ್ತಿತ್ತು," ಎಂದಳು ಗುಮ್ಮಿ.

ಅಕ್ಕ ನಲ್ಲಿ ನಿಲ್ಲಿಸಲಿಲ್ಲ. ನೀರಿನ ಸದ್ದಿನಲ್ಲಿ ತನ್ನ ಮಾತು ಹೊರಗೆ ಕೇಳಬಾರದೆಂದಿರಬೇಕು.

"ಗೊತ್ತಿತ್ತು. ಅವರೇ ಹೇಳಿದ್ರು. ಅದಕ್ಕೇ ನಿನ್ನೆ ಫೋನಲ್ಲಿ ಸಾಕು ಮಾತಾಡಬೇಡ ಅಂದಿದ್ದು."

"ನನಗೊಬ್ಬಳಿಗೆ ಅಂದೆ. ಆ ಹೆಂಗಸರಿಗೆ?"

"ಆ ಹೆಂಗಸರು ನನಗೇನಾಗಬೇಕು?" ಅಕ್ಕ ಪಾತ್ರೆಯ ಅಂಚನ್ನು ತಿಕ್ಕುತ್ತಲೇ ಇದ್ದಳು. "ನೀನು ನನ್ನ ತಂಗಿ. ಅವರು ನನ್ನ ಗಂಡ. ಇಬ್ಬರನ್ನೂ ಒಂದೇ ಸೂರಿನಡಿ ಇಟ್ಟುಕೊಳ್ಳೋಷ್ಟರಲ್ಲೇ ನನ್ನ ಹೆಣ ಬೀಳ್ತಿದೆ. ಊರ ಮೇಲಿನ ಚಿಂತೆ ನನಗ್ಯಾಕೆ? ನಾಳೆ ಒಂದು ಮಾತು ಹೇಳಿ ಬಂದುಬಿಡು ಪುಟ್ಟಾ. ಮಾತು ತಾನೇ."

ಅಕ್ಕ ಒದ್ದೆ ಕೈಯಲ್ಲೇ ಅವಳ ಗಲ್ಲ ಮುಟ್ಟಿದಳು. ಚಿಕ್ಕಂದಿನಿಂದ ಮುಟ್ಟುತ್ತಿದ್ದ ಕೈ. ಸೋಪಿನ ನೊರೆ ಕೆನ್ನೆಯ ಮೇಲೆ ಉಳಿಯಿತು. ಗುಮ್ಮಿ ಅದನ್ನು ಅಕ್ಕನ ಎದುರೇ ಒರೆಸಿಕೊಂಡಳು. ಅಕ್ಕನ ಮುಖ ಸಪ್ಪಗಾದದ್ದು ಕಾಣಿಸಿತು. ಆದರೂ ಒರೆಸಿಕೊಳ್ಳದೆ ಇರಲಾಗಲಿಲ್ಲ.

ಬೆಳಿಗ್ಗೆ ಅವಳು ಲ್ಯಾಪ್‌ಟಾಪು ತೆರೆದು ಸಾಲು ಸರಿಮಾಡಲು ನೋಡಿದಳು. ಪಾಸ್‌ವರ್ಡು ಬದಲಾಗಿತ್ತು. ಭಾವ ವ್ಯಾನಿನ ಹಾರ್ನು ಹೊಡೆದ.

ಓವನ್ ವಿಭಾಗದಿಂದ ಮೂವರು ಬಂದರು. ಮುಂದೆ ಹಿರಿಯಾಕೆ, ಗಟ್ಟಿ ಮೈಕಟ್ಟಿನ ಅಗಲ ಮುಖದವಳು. ಅವಳ ಹಿಂದೆ ಮುಂಗೈಗೆ ಬ್ಯಾಂಡೇಜು ಸುತ್ತಿದ್ದ ಸಣಕಲಿ. ಮೂರನೆಯವಳು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಬಾಗಿಲಲ್ಲೇ ಅನುಮಾನಿಸುತ್ತಿದ್ದಳು. ಕುರ್ಚಿಗಳ ತುದಿಯಲ್ಲಿ ಕುಳಿತರು. ಮೇಜಿನ ನಡುವೆ ಅವರೇ ಸುಟ್ಟ ಬಿಸ್ಕತ್ತುಗಳನ್ನು ಪಿಂಗಾಣಿ ತಟ್ಟೆಯಲ್ಲಿ ಜೋಡಿಸಿಟ್ಟಿದ್ದರು. ಯಾರೂ ಮುಟ್ಟಲಿಲ್ಲ. ಪರದೆಯ ಮೇಲೆ ಮ್ಯಾನೇಜರರ ಮುಖ ಬಾಗಿಲಷ್ಟು ದೊಡ್ಡದಾಗಿ ಮೂಡಿತು. ಹಿಂದೆ ಹಾಲಿನಲ್ಲಿ ಕೋಟು ಹಾಕಿದವರು ಸಾಲಾಗಿ ಕೂತಿದ್ದರು. ನಿಮ್ಮ ಮನೆ ಅಂದುಕೊಳ್ಳಿ, ಅವಸರವಿಲ್ಲ, ನಿಮ್ಮನಿಮ್ಮಲ್ಲಿ ಮಾತಾಡಿಕೊಳ್ಳಬೇಕಾದರೆ ಗುಂಡಿಯಿದೆ, ಆ ಹುಡುಗಿ ತೋರಿಸಿಕೊಡುತ್ತಾಳೆ ಎಂದು ಆ ಮುಖ ಜೇನು ಸುರಿಸಿತು. ತುಟಿಯ ಮೂಲೆಯಲ್ಲಿ ಬಿಸ್ಕತ್ತಿನ ಪುಡಿ ಅಂಟಿತ್ತು. ಆ ಗಾತ್ರದ ಪರದೆಯಲ್ಲಿ ಒಂದೊಂದು ಕಣವೂ ಹೆಬ್ಬೆರಳಷ್ಟು ಕಾಣುತ್ತಿತ್ತು.

ಭಾವ ಬಾಗಿಲಿಗೆ ಒರಗಿ ನಿಂತ. ಗುಮ್ಮಿ ಹಲಗೆಯನ್ನು ಹಿರಿಯಾಕೆಯ ಮುಂದೆ ಸರಿಸಿದಳು. ಹಿರಿಯಾಕೆ ಮುಟ್ಟುವ ಮೊದಲು ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಕೈ ಎಣ್ಣೆಕೈ, ನಿಮ್ಮ ಗಾಜು ಕೊಳೆಯಾದೀತು ಎಂದಳು. ಹಿರಿಯಾಕೆ ಖಾಸಗಿ ಒತ್ತಿದಳು. ಕ್ಯಾಮರಾ ಸಣ್ಣಗೆ ಗುರ್ ಎಂದು ಗೋಡೆಗೆ ತಿರುಗಿತು. ನೀಲಿ ಕರ್ಟನ್ನು ಎರಡೂ ಕಡೆಯಿಂದ ಬಂದು ಮ್ಯಾನೇಜರರ ಮುಖವನ್ನು ಮುಚ್ಚಿತು. ಕೆಂಪು ದೀಪ ಹತ್ತಿತು.

"ಅಬ್ಬ, ಎಷ್ಟು ಚೆನ್ನಾಗಿದೆ," ಎಂದಳು ಸಣಕಲಿ. "ನಿಜವಾದ ಕರ್ಟನ್ನಿನ ಹಾಗೇ ಇದೆ."

ಆ ಕರ್ಟನ್ನಿನ ಒಂದೊಂದು ಮಡಿಕೆಯನ್ನೂ ಗುಮ್ಮಿ ಕೈಯಾರೆ ಬರೆದಿದ್ದಳು. ಈಗ ಅದು ಯಾವುದೋ ಕೊಳಕಿನ ಮೇಲೆ ಹೊದಿಸಿದ ಬಟ್ಟೆಯಂತೆ ಕಂಡಿತು.

ಕರ್ಟನ್ನು ಮುಚ್ಚಿದ್ದೇ ತಡ, ಮೂವರ ಮೈಯೂ ಸಡಿಲವಾಯಿತು. ಮೂರನೆಯವಳು ಕಾಲನ್ನು ಚಪ್ಪಲಿಯಿಂದ ಈಚೆ ತೆಗೆದು ಉಸ್ಸೆಂದಳು. ಸಣಕಲಿ ಬ್ಯಾಂಡೇಜಿನ ಅಂಚಿನೊಳಗೆ ಉಗುರು ತೂರಿಸಿ ತುರಿಸಿಕೊಂಡಳು. ಪರರ ಮುಂದೆ ಬಿಗಿಹಿಡಿದುಕೊಂಡಿದ್ದನ್ನೆಲ್ಲ ಮನೆಗೆ ಬಂದು ಬಿಚ್ಚಿಡುವವರಂತೆ ಅವರು ಕುರ್ಚಿಗೆ ಒರಗಿದರು. ಹಿರಿಯಾಕೆ ಒಮ್ಮೆ ಗುಮ್ಮಿಯ ಕಡೆ ನೋಡಿದಳು.

"ಈಗ ಏನು ಮಾತಾಡಿದ್ರೂ ಮೇಲಿನವರಿಗೆ ಕೇಳಿಸಲ್ಲ ಅಲ್ವೇನಮ್ಮ?"

ಗುಮ್ಮಿ ಕೆಂಪು ದೀಪದ ಕಡೆ ನೋಡಿದಳು. ಭಾವ ಕೆಮ್ಮಿದ. ಹೇಳು ಗುಮ್ಮಿ, ಪಾಪ ಕಾಯ್ತಾ ಇದಾರೆ ಎಂದ. ಅಷ್ಟರಲ್ಲಿ ಸಣಕಲಿಗೆ ತಡೆಯಲಾಗಲಿಲ್ಲ. ದೀಪ ಕೆಂಪಾಗಿದೆಯಲ್ಲ, ಇನ್ನೇನು ಎಂದುಕೊಂಡು ಹಿರಿಯಾಕೆಯ ಕಡೆ ಬಾಗಿದಳು.

"ಅಕ್ಕಾ, ಅವರು ಪೂರ್ತಿ ಇಳಿಸೋಕೆ ಒಪ್ಪಲ್ಲ. ಕೊನೆಗೆ ನಾವು ಎಲ್ಲಿಗೆ ನಿಲ್ಲೋದು ಅಂತ ಈಗಲೇ ಹೇಳ್ಬಿಡು. ನಂಗೇನೋ—"

"ಮಾತಾಡಬೇಡಿ."

ಯಾರು ಹೇಳಿದ್ದು ಎಂದು ಗುಮ್ಮಿಗೇ ಒಂದು ಗಳಿಗೆ ತಿಳಿಯಲಿಲ್ಲ. ಮೂವರೂ ಅವಳತ್ತ ತಿರುಗಿದರು. ಅಷ್ಟು ಕಣ್ಣುಗಳು ಒಟ್ಟಿಗೆ ಮೈಮೇಲೆ ಬಿದ್ದಾಗ, ಬೇರೆ ದಿನವಾಗಿದ್ದರೆ ಅವಳು ನೆಲ ನೋಡುತ್ತಿದ್ದಳು. ಇವತ್ತು ಹಿರಿಯಾಕೆಯ ಮುಖವನ್ನೇ ನೋಡಿದಳು. ಬಾಯಿ ತೆರೆದರೆ ಮಾತು ಬರುತ್ತದೋ ವಾಂತಿ ಬರುತ್ತದೋ ಅವಳಿಗೇ ಗೊತ್ತಿರಲಿಲ್ಲ.

"ಕೇಳಿಸುತ್ತೆ," ಎಂದಳು. "ದೀಪ ಮಾತ್ರ ಕೆಂಪು. ಮೈಕು ಮುಚ್ಚಿಲ್ಲ. ಈಗ ನಾನು ಹೇಳ್ತಿರೋದೂ ಮೇಲೆ ಕೇಳಿಸ್ತಿದೆ."

ಭಾವ ಜೋರಾಗಿ ನಕ್ಕ. ನಮ್ಮ ಹುಡುಗಿಗೆ ತಮಾಷೆ ಜಾಸ್ತಿ, ಹೊಸ ಗುಂಡಿಯಲ್ಲವೇ, ಸ್ವಲ್ಪ ಗಾಬರಿಯಾಗಿದ್ದಾಳೆ, ಎಲ್ಲ ಸರಿಯಾಗಿದೆ ಎಂದು ಒಂದೇ ಉಸಿರಿಗೆ ಹೇಳಿದ. ಅವನ ನಗು ಎಷ್ಟು ಸಹಜವಾಗಿತ್ತೆಂದರೆ ಮೂರನೆಯವಳು ತಾನೂ ಸ್ವಲ್ಪ ನಕ್ಕಳು. ಹಿರಿಯಾಕೆ ಮಾತ್ರ ಒಮ್ಮೆ ಅವನನ್ನು, ಒಮ್ಮೆ ಗುಮ್ಮಿಯನ್ನು ನೋಡಿದಳು. ಇಬ್ಬರಲ್ಲಿ ಯಾರನ್ನು ನಂಬಬೇಕೆಂದು ತೂಗುತ್ತಿದ್ದಳು. ತೂಕ ಭಾವನ ಕಡೆಗೇ ವಾಲುತ್ತಿತ್ತೇನೋ.

ಆಗ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಮ್ಯಾನೇಜರು ಏದುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡರು. ತುಟಿಯ ಮೂಲೆಯ ಬಿಸ್ಕತ್ತಿನ ಪುಡಿ ಇನ್ನೂ ಹಾಗೇ ಇತ್ತು.

"ಆ ಹುಡುಗಿ ಹೇಳೋದನ್ನ ನಂಬಬೇಡಿ. ಮೈಕು ಮುಚ್ಚಿದೆ, ಪೂರ್ತಿ ಮುಚ್ಚಿದೆ, ನಮಗೆ ಮೇಲೆ ಒಂದು ಅಕ್ಷರ ಕೇಳಿಸಿಲ್ಲ."

ಭಾವ ಹಣೆ ಒತ್ತಿಕೊಂಡ.

"ಸರಿ ಸಾರ್," ಎಂದಳು ಹಿರಿಯಾಕೆ ಮೆಲ್ಲಗೆ. "ಒಂದಕ್ಷರ ಕೇಳಿಸದೆ, ಇವಳು ಏನು ಹೇಳಿದ್ಲು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಮ್ಯಾನೇಜರು ಭಾವನ ಕಡೆ ತಿರುಗಿದರು. ಸಣಕಲಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹೊರಬಂದುಬಿಡುತ್ತಿದ್ದ ಮಾತನ್ನು ಈಗ ಒಳಗೆ ತುರುಕುವವಳ ಹಾಗೆ. ಮೂರನೆಯವಳು ಚಪ್ಪಲಿಗೆ ಕಾಲು ತೂರಿಸುತ್ತ, ಥೂ ಎಂದಳು. ಯಾರಿಗೆ ಹೇಳಿದಳೆಂದಿಲ್ಲ. ಕೋಣೆಗೇ ಹೇಳಿದ ಹಾಗಿತ್ತು.

ಹಿರಿಯಾಕೆ ಎದ್ದಳು. ಮಾತುಕತೆ ಬೇಕಾದರೆ ಮೇಲಿನವರೇ ಕೆಳಗಿಳಿದು ಅಂಗಳಕ್ಕೆ ಬರಲಿ, ಮುಖಕ್ಕೆ ಮುಖ ಕೊಟ್ಟು ನಿಂತು ಮಾತಾಡೋಣ, ಅಲ್ಲಿಯವರೆಗೆ ಬೆಲ್ಟಿನ ಹತ್ತಿರ ಯಾರೂ ನಿಲ್ಲುವುದಿಲ್ಲ ಎಂದಳು. ದನಿ ಏರಿಸಲಿಲ್ಲ. ಮ್ಯಾನೇಜರು ಬಾಗಿಲಲ್ಲೇ ನಿಂತು ಏನೇನೋ ಹೇಳತೊಡಗಿದರು. ಹಿರಿಯಾಕೆ ಅವರನ್ನು ದಾಟಿದವಳು, ಏನೋ ನೆನಪಾಗಿ ಗುಮ್ಮಿಯ ಹತ್ತಿರ ಬಂದಳು.

"ಈ ಗುಂಡಿ ಮಾಡಿದ್ದು ಯಾರು?"

"ನಾನೇ. ಕೆಡಿಸಿದ್ದು ನಾನಲ್ಲ."

"ಕೆಟ್ಟಿದೆ ಅಂತ ಯಾವಾಗ ಗೊತ್ತಾಯ್ತು?"

"ನಿನ್ನೆ."

ಹಿರಿಯಾಕೆ ತಲೆಯಾಡಿಸಿದಳು. ಬೈಯಲಿಲ್ಲ. "ನಿನ್ನೆ ಗೊತ್ತಾಗಿ, ಇವತ್ತು ಒತ್ತಿಸಿದೆ ನನ್ನ ಕೈಲಿ," ಎಂದಳು ಅಷ್ಟೇ. ಗಾಜಿಗೆ ಒತ್ತಿದ್ದ ಬೆರಳನ್ನು ಸೆರಗಿಗೆ ಇನ್ನೊಮ್ಮೆ ಒರೆಸಿಕೊಂಡು ಹೊರಟುಹೋದಳು. ಈ ಬಾರಿ ಒರೆಸಿಕೊಂಡದ್ದು ಗಾಜು ಕೊಳೆಯಾದೀತು ಎಂದಲ್ಲ.

ಭಾವ ಕೇಬಲ್ಲುಗಳನ್ನು ಸುತ್ತತೊಡಗಿದ. ಮೊದಲ ಬಾರಿಗೆ ಅವನ ಬಾಯಲ್ಲಿ ಜೋಕು ಇರಲಿಲ್ಲ. ಜೋಕಿಲ್ಲದ ಆ ಮುಖ ಯಾರೋ ಅಪರಿಚಿತನದಂತೆ, ಸಾಧಾರಣವಾಗಿ, ಸ್ವಲ್ಪ ವಯಸ್ಸಾದಂತೆ ಕಂಡಿತು. ಅಕ್ಕನಿಗೆ ನೀನೇ ಹೇಳು, ನಾನು ಹೇಳಲಾರೆ ಎಂದ. ಲ್ಯಾಪ್‌ಟಾಪು ಬ್ಯಾಗಿಗೆ ಹಾಕಿಕೊಂಡು ಹಿಂದಿರುಗಿ ನೋಡದೆ ವ್ಯಾನಿನ ಕಡೆ ನಡೆದ. ಬಾ ಎನ್ನಲಿಲ್ಲ.

ಗುಮ್ಮಿ ಕಾರಿಡಾರಿನಲ್ಲಿ ನಿಂತು ಅಕ್ಕನಿಗೆ ಫೋನು ಮಾಡಿದಳು. ನಡೆದದ್ದನ್ನು ಹೇಳಲು ನಾಲ್ಕು ಮಾತು ಸಾಕಾಯಿತು. ಆ ಕಡೆ ನಲ್ಲಿಯ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ ಅಕ್ಕ, ಇವತ್ತು ಮನೆಗೆ ಬರಬೇಡ, ಜೊತೆಗೆ ಓದಿದ ನಿನ್ನ ಗೆಳತಿಯ ರೂಮಿಗೆ ಹೋಗು, ಬಟ್ಟೆ ನಾನೇ ತಂದುಕೊಡುತ್ತೇನೆ ಎಂದಳು. ಅಳುತ್ತಿದ್ದಾಳೋ ಸಿಟ್ಟಾಗಿದ್ದಾಳೋ ಗೊತ್ತಾಗಲಿಲ್ಲ. ಎಷ್ಟು ದಿನಕ್ಕಾಗುವಷ್ಟು ಬಟ್ಟೆ ಎಂದು ಗುಮ್ಮಿ ಕೇಳಲಿಲ್ಲ, ಅಕ್ಕ ಹೇಳಲಿಲ್ಲ.

ಅವಳು ಅಂಗಳಕ್ಕಿಳಿದಳು. ಹಿಟ್ಟಿನ ಲಾರಿ ನಿಲ್ಲುವ ಜಾಗದಲ್ಲಿ, ಗೋಡೆಯಿಂದ ದೂರ, ಬಟ್ಟಬಯಲಿನಲ್ಲಿ ಓವನ್ ವಿಭಾಗದ ಹೆಂಗಸರೆಲ್ಲ ಗುಂಪುಗೂಡಿದ್ದರು. ಹಿರಿಯಾಕೆಯ ಸುತ್ತ ತಲೆಗೆ ತಲೆ ಕೊಟ್ಟು ತಗ್ಗಿದ ದನಿಯಲ್ಲಿ ಮಾತು ನಡೆದಿತ್ತು. ಗೇಟಿಗೆ ಹೋಗಲು ಅವರ ಪಕ್ಕದಲ್ಲೇ ಹಾದುಹೋಗಬೇಕು. ಅವಳು ಹತ್ತಿರವಾಗುತ್ತಿದ್ದಂತೆ ಸಣಕಲಿ ಯಾರದೋ ಮೊಣಕೈ ತಿವಿದಳು. ಮಾತು ನಿಂತಿತು. ಎಲ್ಲರೂ ಬಾಯಿ ಮುಚ್ಚಿಕೊಂಡು ಅವಳು ದಾಟಿಹೋಗುವುದನ್ನೇ ಕಾದರು.

ಗುಮ್ಮಿ ತಲೆ ತಗ್ಗಿಸಿದಳು. ಅವರು ಮತ್ತೆ ಮಾತು ಶುರುಮಾಡಲಿ ಎಂದು, ಆದಷ್ಟು ಬೇಗ ಬೇಗ ಹೆಜ್ಜೆ ಹಾಕಿದಳು.